ತಪ್ಪಚ್ಚಿನ ಗುಳಿಗೆ

ನನ್ನ ಸೋದರಮಾವನದು ಹೊಳಲ್ಕೆರೆಯಲ್ಲಿ ಒಂದು ಪ್ರೆಸ್ಸು. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಶಿವಗಣಾರಾಧನೆಯ ಆಹ್ವಾನ, ಟ್ಯೂಷನ್ ನಡೆಸುವವರ ಪಾಂಪ್ಲೆಟ್ಟು, ವರ್ಷಕ್ಕೊಂದು ಗೋಡೆ ಕ್ಯಾಲೆಂಡರು, ಇವನ್ನೇ ಅಚ್ಚು ಹಾಕುತ್ತ ಅವರ ಆಯುಷ್ಯ ಕಳೆದಿದೆ. ಸೀಸದ ಅಕ್ಷರದ ಮೊಳೆಗಳನ್ನು ಒಂದೊಂದಾಗಿ ಜೋಡಿಸುವ ಕಾಲದಲ್ಲಿ ಶುರು ಮಾಡಿದವರು. ಈಗ ಕಂಪ್ಯೂಟರ್ ಬಂದು ಮೊಳೆಯ ಪೆಟ್ಟಿಗೆಗಳೆಲ್ಲ ಅಟ್ಟ ಸೇರಿವೆ. ಆದರೂ ಪ್ರೂಫ್ ತಿದ್ದುವ ಕೆಲಸವನ್ನು ಅವರು ಇವತ್ತಿಗೂ ಯಾರಿಗೂ ಬಿಟ್ಟುಕೊಟ್ಟಿಲ್ಲ.

ಅಕ್ಷರ ತಪ್ಪಿದ್ದರೆ ಮಾವನಿಗೆ ಊಟ ಸೇರುವುದಿಲ್ಲ. ಇದು ಮಾತಿಗೆ ಹೇಳುವುದಲ್ಲ. ಒಮ್ಮೆ ಹೊಸದುರ್ಗದ ಒಂದು ಹೋಟೆಲಿಗೆ ನಮ್ಮನ್ನೆಲ್ಲ ಕರೆದುಕೊಂಡು ಹೋಗಿದ್ದರು. ಅಲ್ಲಿನ ಕರಿಹಲಗೆಯ ಮೇಲೆ ‘ಮಸಾಲೆ ದೋಷೆ’ ಎಂದು ಬರೆದಿತ್ತು. ಮಾವ ಎದ್ದು ಹೋಗಿ ಒದ್ದೆ ಬಟ್ಟೆ ಕೇಳಿ, ಒರೆಸಿ, ಸೀಮೆಸುಣ್ಣ ಕೇಳಿ, ‘ದೋಸೆ’ ಎಂದು ದುಂಡಗೆ ಬರೆದು, ಆಮೇಲೆ ಕೈ ತೊಳೆದು ಬಂದು ಕೂತರು. ಸಪ್ಲೈಯರ್ ಏನು ಬೇಕೆಂದು ಕೇಳಿದಾಗ ಇಡ್ಲಿ ಹೇಳಿದರು.

ನಾನು ಚಿತ್ರದುರ್ಗದ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ನಮ್ಮ ಸಂಬಂಧಿಕರ ಲೆಕ್ಕದಲ್ಲಿ ಜೀವಶಾಸ್ತ್ರದ ಮೇಡಂ ಎಂದರೆ ಮುಕ್ಕಾಲು ಡಾಕ್ಟರು. ಯಾರಿಗೆ ಜ್ವರ ಬಂದರೂ ಮೊದಲು ನನಗೆ ಫೋನ್ ಬರುತ್ತದೆ. ಕೊರೊನಾದ ಮೂರನೆಯ ಅಲೆ ಬಂದ ಆ ಚಳಿಗಾಲದಲ್ಲಿ ಅತ್ತೆಯ ಫೋನ್ ಬಂದದ್ದೂ ಹಾಗೆಯೇ.

“ನಿಮ್ ಮಾವಂಗೆ ಗಂಟ್ಲು ಕೆರಿತೈತಂತೆ. ಟೆಸ್ಟ್ ಮಾಡಿಸಿದ್ವಿ, ಪಾಸಿಟಿವ್ ಬಂದೈತೆ,” ಎಂದರು ಅತ್ತೆ. ಅವರ ದನಿಯಲ್ಲಿ ಗಾಬರಿಗಿಂತ ಬೇಸರ ಜಾಸ್ತಿ ಇತ್ತು.

ಮಾವನಿಗೆ ವ್ಯಾಕ್ಸಿನ್ ಆಗಿತ್ತು. ಆದರೆ ವಯಸ್ಸು ಎಪ್ಪತ್ತರ ಹತ್ತಿರ, ಸಕ್ಕರೆ ಕಾಯಿಲೆ ಇದೆ, ಹೃದಯಕ್ಕೆ ಸ್ಟೆಂಟ್ ಹಾಕಿಸಿದೆ. ಅವರನ್ನು ಬಹಳ ಕಾಲದಿಂದ ನೋಡುತ್ತಿದ್ದ ಚಿತ್ರದುರ್ಗದ ಡಾಕ್ಟರಿಗೆ ನಾನೇ ಫೋನ್ ಮಾಡಿದೆ. ಹೊಸದಾಗಿ ಒಂದು ಔಷಧಿ ಬಂದಿದೆ, ವೈರಸ್ಸಿನ ಮೇಲೇ ನೇರವಾಗಿ ಕೆಲಸ ಮಾಡುವಂಥದ್ದು, ಇಂಜೆಕ್ಷನ್ ಅಲ್ಲ, ಮನೆಯಲ್ಲೇ ಕೂತು ನುಂಗಬಹುದು ಎಂದರು. ಆದರೆ ಕಾಯಿಲೆ ಶುರುವಾದ ಮೊದಲ ಕೆಲವು ದಿನಗಳೊಳಗೇ ತೆಗೆದುಕೊಳ್ಳಬೇಕು, ತಡವಾದರೆ ಪ್ರಯೋಜನವಿಲ್ಲ ಎಂದೂ ಸೇರಿಸಿದರು. ನಾನು ಚಿತ್ರದುರ್ಗದ ಮೆಡಿಕಲ್ ಶಾಪಿನಲ್ಲಿ ಡಬ್ಬಿ ಕೊಂಡು ಹೊಳಲ್ಕೆರೆಯ ಬಸ್ಸು ಹತ್ತಿದೆ.

ಮಾವನ ಮನೆ ಪ್ರೆಸ್ಸಿನ ಬೆನ್ನಿಗೇ ಇದೆ. ನಡುವಿನ ಗೋಡೆಯಲ್ಲಿ ಸರಳು ಹಾಕಿದ ಒಂದು ಕಿಟಕಿ. ಮಾವ ಮನೆಯ ಕೋಣೆಯಲ್ಲಿ ಕೂತು ಆ ಕಿಟಕಿಯಿಂದಲೇ ಪ್ರೂಫ್ ಇಸಿದುಕೊಂಡು, ತಿದ್ದಿ, ವಾಪಸ್ ಕೊಡುವುದು ರೂಢಿ. ಈಗ ಅದೇ ಕೋಣೆಯಲ್ಲಿ ಅವರನ್ನು ಬೇರೆ ಇಟ್ಟಿದ್ದರು. ಕಂಪ್ಯೂಟರ್ ಕೆಲಸದ ಹುಡುಗಿಯನ್ನು ಹುಷಾರಿಗೆಂದು ಮನೆಗೆ ಕಳಿಸಿದ್ದರು. ಪ್ರೆಸ್ಸಿನ ಬೆಂಚಿನ ಮೇಲೆ ಒಬ್ಬ ಗಿರಾಕಿ ಮಾತ್ರ ಕೂತಿದ್ದರು. ತಾಳ್ಯ ಎಂಬ ಹಳ್ಳಿಯವರು, ಟ್ರ್ಯಾಕ್ಟರ್ ಬಾಡಿಗೆಗೆ ಬಿಡುವವರು. ಮಗಳ ಮದುವೆಯ ಲಗ್ನಪತ್ರಿಕೆಯ ಬರಹ ತಂದುಕೊಟ್ಟು, ಮಾವನ ಆರೋಗ್ಯ ವಿಚಾರಿಸಿಕೊಂಡು ಹೋಗೋಣವೆಂದು ಕೂತವರು. ಕೂತವರು ಏಳಲಿಲ್ಲ.

ನಾನು ಮಾಸ್ಕ್ ಹಾಕಿಕೊಂಡು ಕಿಟಕಿಯ ಹತ್ತಿರ ನಿಂತೆ. ಮಾವ ಒಳಗಿನಿಂದ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಒಂದೊತ್ತಿಗೆ ನಾಕು ನುಂಗ್ಬೇಕಾ?”

“ಹೂಂ ಮಾವ. ಬೆಳಿಗ್ಗೆ, ರಾತ್ರಿ. ಐದು ದಿನ.”

“ಇದು ಒಳಗೋಗಿ ಏನ್ ಮಾಡ್ತೈತೆ?”

ವೈರಸ್ಸನ್ನು ಸಾಯಿಸುತ್ತದೆ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಪಾಠ ಹೇಳುವವರಿಗೆ ಅಷ್ಟು ಚಿಕ್ಕ ಉತ್ತರ ಬಾಯಿಗೆ ಬರುವುದಿಲ್ಲ. ಎದುರಿಗಿದ್ದವರು ಪ್ರೆಸ್ಸಿನವರು, ಔಷಧಿ ಕೆಲಸ ಮಾಡುವ ರೀತಿಯೂ ಅಚ್ಚಿನ ಕೆಲಸದ ಹಾಗೆಯೇ. ನನಗೆ ಉತ್ಸಾಹ ಬಂತು.

ಬೆಂಚಿನ ಮೇಲಿನವರಿಗೂ ಕೇಳುವ ಹಾಗೆ ಬಿಡಿಸಿ ಹೇಳಿದೆ. ವೈರಸ್ಸು ತಾನಾಗಿ ಮರಿ ಹಾಕುವುದಿಲ್ಲ. ನಮ್ಮ ಜೀವಕೋಶದೊಳಗೆ ನುಗ್ಗಿ, ಅಲ್ಲೇ ತನ್ನದೊಂದು ಅಚ್ಚಿನ ಯಂತ್ರ ಜೋಡಿಸಿಕೊಂಡು, ತನ್ನ ನಕಲುಗಳನ್ನು ಮುದ್ರಿಸುತ್ತ ಹೋಗುತ್ತದೆ. ಯಂತ್ರ ಅದರದು. ಮೊಳೆ, ಶಾಯಿ, ಕಾಗದ ಎಲ್ಲ ನಮ್ಮವು. ಈ ಗುಳಿಗೆ ಆ ಮೊಳೆಯ ಪೆಟ್ಟಿಗೆಗೆ ಖೋಟಾ ಮೊಳೆಗಳನ್ನು ಸೇರಿಸುತ್ತದೆ. ನೋಡಲು ನಿಜವಾದ ಮೊಳೆಯಂತೆಯೇ ಇರುತ್ತವೆ. ವೈರಸ್ಸಿನ ಯಂತ್ರ ಗೊತ್ತಾಗದೆ ಅದನ್ನೂ ಎತ್ತಿ ಜೋಡಿಸುತ್ತದೆ. ಮೊದಲ ನಕಲಿನಲ್ಲಿ ನಾಲ್ಕು ತಪ್ಪು, ಅದರ ನಕಲಿನಲ್ಲಿ ನಲವತ್ತು. ಹೀಗೆ ತಪ್ಪಿನ ಮೇಲೆ ತಪ್ಪು ಬಿದ್ದು ಕೊನೆಗೆ ಅದರ ಬರಹ ಅದಕ್ಕೇ ಅರ್ಥವಾಗದ ಹಾಗಾಗಿ ವಂಶ ನಿಂತುಹೋಗುತ್ತದೆ.

ಕ್ಲಾಸಿನಲ್ಲೂ ನಾನು ಇಷ್ಟು ಚೆನ್ನಾಗಿ ಹೇಳಿದ್ದಿಲ್ಲ. ಮಾವ ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. ಇಟ್ಟು ಸ್ವಲ್ಪ ದೂರ ಸರಿಸಿದರು.

“ಅಂದ್ರೆ ಇದು ತಪ್ಪು ಅಚ್ಚಾಕ್ಸೋ ಗುಳಿಗೆ.”

“ವೈರಸ್ಸಿಗೆ ಮಾತ್ರ ಮಾವ.”

“ಮೊಳೆ ಯಾರ್ದು ಅಂದೆ?”

“ನಮ್ಮದು.”

“ಮತ್ತೆ ನಮ್ ಪೆಟ್ಗೇಲಿ ಖೋಟಾ ಮೊಳೆ ಬಿದ್ಮ್ಯಾಲೆ ಅದು ವೈರಸ್ಸಿನ ಕಾರ್ಡಿಗೇ ಹೋಗ್ತೈತೆ, ನನ್ ಕಾರ್ಡಿಗೆ ಬರಲ್ಲ ಅಂತ ಏನ್ ಗ್ಯಾರಂಟಿ? ಜೀವಮಾನ ಎಲ್ಲಾ ತಪ್ಪು ತೆಗ್ದು ತೆಗ್ದು ಕಣ್ಣು ಹೋದ್ವು. ಈಗ ಮುದುಕನಾದ ಮ್ಯಾಲೆ ಮೂರೊತ್ತೂ ಕೂತು ತಪ್ಪು ನುಂಗು ಅಂತೀಯ.”

“ಎರಡೊತ್ತು,” ಎಂದರು ತಾಳ್ಯದವರು ಬೆಂಚಿನಿಂದ.

ನಾನು ಡಾಕ್ಟರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ. ಮಾವ ಅದೇ ಪ್ರಶ್ನೆಯನ್ನು ಅದೇ ಮಾತಿನಲ್ಲಿ ಕೇಳಿದರು. ಡಾಕ್ಟರು ನಗಲಿಲ್ಲ. ಈ ಪ್ರಶ್ನೆಯನ್ನು ದೊಡ್ಡ ದೊಡ್ಡ ವಿಜ್ಞಾನಿಗಳೂ ಕೇಳಿದ್ದಾರೆ, ಅದಕ್ಕೇ ಬಸುರಿಯರಿಗೆ, ಮಕ್ಕಳಿಗೆ ಇದನ್ನು ಕೊಡುವುದಿಲ್ಲ, ಅದಕ್ಕೇ ಐದೇ ದಿನ ಎಂದರು. ಈ ಗುಳಿಗೆ ಬರೆಯಬೇಕೋ ಬೇಡವೋ ಎಂದು ಡಾಕ್ಟರುಗಳಲ್ಲೇ ಒಮ್ಮತವಿಲ್ಲ, ತಮಗೂ ಎರಡು ಮನಸ್ಸಿತ್ತು, ನಿಮ್ಮ ಹೃದಯ, ಸಕ್ಕರೆ, ವಯಸ್ಸು ಮೂರನ್ನೂ ನೋಡಿ ಬರೆದೆ ಎಂದೂ ಹೇಳಿದರು. ಪ್ರಾಮಾಣಿಕವಾದ ಮಾತು. ಆದರೆ ಬೆಂಚಿನ ಮೇಲೆ ಕೂತವರಿಗೆ ಅದರಲ್ಲಿ ಕೇಳಿಸಿದ್ದು ‘ಎರಡು ಮನಸ್ಸು’ ಎನ್ನುವುದು ಮಾತ್ರ.

ಮಾವನಿಗೆ ಸಮಾಧಾನವಾಗಲಿ ಎಂದು ಇನ್ನೊಂದು ಬಗೆಯ ಗುಳಿಗೆಯ ವಿಷಯ ತೆಗೆದೆ. ವೈರಸ್ಸು ತನ್ನ ಬಿಡಿಭಾಗಗಳನ್ನು ಒಂದೇ ಉದ್ದದ ಹಾಳೆಯಂತೆ ತಯಾರಿಸಿ ಆಮೇಲೆ ಕತ್ತರಿಸಿಕೊಳ್ಳುತ್ತದೆ, ಆ ಗುಳಿಗೆ ಕತ್ತರಿಯ ಬಾಯಿಗೆ ಸಿಕ್ಕಿಕೊಂಡು ಅದನ್ನು ಕೆಲಸಕ್ಕೆ ಬಾರದ ಹಾಗೆ ಮಾಡುತ್ತದೆ ಎಂದೆ. ಮಾವನ ಮುಖ ಅರಳಿತು.

“ಕಟಿಂಗ್ ಮಷಿನ್ನಿಗೆ ಕೈ ಹಾಕೋದು. ಅದು ಮರ್ಯಾದೆಯ ಗುಳಿಗೆ. ಅದ್ನೇ ತರಬಾರ್ದಿತ್ತೇನಮ್ಮ?”

ಅದು ಆಗ ನಮ್ಮ ಕಡೆ ಇನ್ನೂ ಸಿಗುತ್ತಿರಲಿಲ್ಲ. ಸಿಕ್ಕಿದ್ದರೂ ಅದಕ್ಕೂ ಹೃದಯದ ಕೆಲವು ಮಾತ್ರೆಗಳಿಗೂ ಆಗಿಬರುವುದಿಲ್ಲ. ಇದನ್ನು ಕೇಳಿ ಮಾವ ಮತ್ತೆ ಮಂಕಾದರು. ಡಬ್ಬಿಯ ಜೊತೆಗಿದ್ದ ಮಡಿಸಿದ ಕಾಗದವನ್ನು ಬಿಡಿಸಿ, ಪ್ರೂಫ್ ನೋಡುವ ಭೂತಗನ್ನಡಿ ಹಿಡಿದು ಓದತೊಡಗಿದರು. ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರ. ಒಂದು ಕಡೆ ನಿಂತರು. ಅಲ್ಲೊಂದು ಪದದಲ್ಲಿ ಒಂದು ಅಕ್ಷರ ಬಿಟ್ಟುಹೋಗಿತ್ತು.

“ನೋಡು, ಕಂಪ್ನಿಯೋರೂ ಇದ್ನ ನುಂಗ್ಯಾರೆ,” ಎಂದರು.

ಇನ್ನೊಂದು ಕಡೆ ಮತ್ತೆ ನಿಂತರು. ಈ ಸಲ ಬಹಳ ಹೊತ್ತು ನಿಂತರು. ಪದಪದವಾಗಿ ಗಟ್ಟಿಯಾಗಿ ಓದಿ ಇದಕ್ಕೇನು ಅರ್ಥ ಎಂದು ಕೇಳಿದರು. ನನಗೆ ಹೇಳಲು ಸಂಕೋಚವಾಯಿತು. ಆದರೆ ಇಬ್ಬರು ಹಿರಿಯರು ಉತ್ತರಕ್ಕೆ ಕಾಯುತ್ತಿದ್ದರು.

“ಗಂಡಸರು ಇದನ್ನು ತಗೊಂಡ ಮೇಲೆ ಮೂರು ತಿಂಗಳು ಮಕ್ಕಳಾಗದ ಹಾಗೆ ಎಚ್ಚರಿಕೆಯಿಂದ ಇರಬೇಕಂತೆ ಮಾವ.”

ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುವ ಸದ್ದು ನಿಂತಿತು. ತಾಳ್ಯದವರು ಎದ್ದು ನಿಂತು, ಮಾವನನ್ನು ಕಿಟಕಿಯ ಸರಳುಗಳ ನಡುವಿನಿಂದ ಹೊಸದಾಗಿ ನೋಡುವಂತೆ ನೋಡಿದರು.

“ಯಜಮಾನ್ರೆ, ಬೇಜಾರಾಗ್ಬ್ಯಾಡ್ರಿ, ನಿಮಗೀಗ ವಯಸ್ಸೆಷ್ಟು?”

ಅತ್ತೆ ಒಳಗಿನಿಂದಲೇ ಹೇಳಿದರು: “ಎಚ್ಚರಿಕೆಯಿಂದ ಇರ್ತೀವಿ ಅಂತ ಡಾಕ್ಟ್ರಿಗೆ ಹೇಳಮ್ಮ. ಈಗ ನುಂಗಕ್ಕೆ ಹೇಳು ಅವರ್ಗೆ. ಗಂಜಿ ಆರ್ತೈತೆ.”

ಆಮೇಲೆ ಬಾಗಿಲ ಹೊರಗಿನಿಂದ ಒಂದು ಸ್ಟೀಲ್ ತಟ್ಟೆಯಲ್ಲಿ ಗಂಜಿ ಲೋಟವನ್ನೂ ನಾನು ಡಬ್ಬಿಯಿಂದ ತೆಗೆದುಕೊಟ್ಟ ನಾಲ್ಕು ಕ್ಯಾಪ್ಸೂಲುಗಳನ್ನೂ ಇಟ್ಟು ಒಳಗೆ ತಳ್ಳಿದರು. ಮಾವ ಇನ್ನೂ ಏನೋ ಹೇಳಹೊರಟಾಗ ಅತ್ತೆ ಅಂದ ಮಾತು ಇದು: “ಮದ್ವೆ ಆದಾಗಿಂದ ನನ್ ತಪ್ಪು ಎಣಿಸ್ಕಂಡು ಬಂದೀರಿ. ನಿಮ್ಮಲ್ಲೂ ನಾಕು ತಪ್ಪು ಇರ್ಲಿ, ತಗಳ್ರಿ.”

ಮಾವ ನುಂಗಿದರು. ನುಂಗುವ ಮೊದಲು ಒಂದು ಷರತ್ತು ಹಾಕಿದರು. ಗುಳಿಗೆ ಮುಗಿಯುವವರೆಗೆ ತಾವು ಯಾವ ಪ್ರೂಫಿಗೂ ಕೈ ಹಚ್ಚುವುದಿಲ್ಲ, ಪ್ರೆಸ್ಸಿನ ಮರ್ಯಾದೆಯ ಪ್ರಶ್ನೆ, ನಾನೇ ಕೂತು ನೋಡಬೇಕು ಎಂದು. ಕಾಲೇಜಿನ ಪಾಠವೆಲ್ಲ ಆಗ ಫೋನಿನಲ್ಲೇ ನಡೆಯುತ್ತಿತ್ತು. ನಾನು ಒಪ್ಪಿದೆ.

ತಾಳ್ಯದವರು ಅಲ್ಲಿಂದ ನೇರ ಊರಿಗೆ ಹೋದರೋ, ಬಸ್‌ಸ್ಟ್ಯಾಂಡಿನ ಟೀ ಅಂಗಡಿಗೆ ಹೋದರೋ ಗೊತ್ತಿಲ್ಲ. ಮಾರನೆಯ ದಿನ ಬೆಳಿಗ್ಗೆ ಪ್ರೆಸ್ಸಿನ ಬಾಗಿಲು ತೆಗೆಯುವಷ್ಟರಲ್ಲಿ ಸುದ್ದಿ ಊರೆಲ್ಲ ಸುತ್ತಿ ಬಂದಿತ್ತು. ಬೀದಿಯಲ್ಲಿ ಹೋಗುವವರು ಒಳಗೆ ಇಣುಕುತ್ತಿದ್ದರು. ಗೃಹಪ್ರವೇಶದ ಕಾರ್ಡಿಗೆ ಹೇಳಿಹೋಗಿದ್ದ ಒಬ್ಬರು ಬಂದು, ಬಹಳ ನಯವಾಗಿ, ತಮ್ಮ ಬರಹ ವಾಪಸ್ ಕೇಳಿದರು. ಹೊಸದುರ್ಗದಲ್ಲಿ ಅವರ ಷಡ್ಡಕ ಇದ್ದಾರಂತೆ, ಅಲ್ಲೇ ಮಾಡಿಸುತ್ತಾರಂತೆ. ಹೊರಟವರು ಬಾಗಿಲಲ್ಲಿ ನಿಂತು, “ಯಜಮಾನ್ರಿಗೆ ಮಾತು ಸರಿಯಾಗಿ ಬರ್ತೈತಾ?” ಎಂದು ಕೇಳಿದರು.

ಮಧ್ಯಾಹ್ನದ ಹೊತ್ತಿಗೆ ಒಬ್ಬ ಮುದುಕಿ ಬಂದರು. ಮದಕರಿಪುರದಿಂದ ಬಸ್ಸು ಹತ್ತಿ ಬಂದವರು, ಕುರಿ ಸಾಕುವ ಮನೆಯವರು. ಬೆಂಚಿನ ಮೇಲೆ ಕೂತ್ಕೊಳ್ಳಿ ಎಂದರೂ ಕೂರಲಿಲ್ಲ. ಅತ್ತೆ ಬಂದಮೇಲೆಯೇ ಬಾಯಿ ಬಿಟ್ಟರು.

“ಮುದುಕರಿಗೂ ಮಕ್ಳಾಗೋ ಗುಳಿಗೆ ತರಿಸೀರಂತಲ್ಲ. ನನ್ ಮಗಂಗೆ ಮದ್ವೆಯಾಗಿ ಭಾಳ ವರ್ಷ ಆತು. ಎಲ್ಡು ಗುಳಿಗೆ ಕೊಟ್ಟಿದ್ರೆ ನಿಮ್ ಹೆಸ್ರು ಹೇಳ್ಕಂಡು...”

ಆಗಬಾರದು ಎಂಬ ಎಚ್ಚರಿಕೆ ಆಗುತ್ತದೆ ಎಂಬ ಭರವಸೆಯಾಗಿ ಬದಲಾಗಲು ಒಂದು ಹಗಲು, ಒಂದು ರಾತ್ರಿ ಸಾಕಾಗಿತ್ತು. ಇದು ಆ ಗುಳಿಗೆ ಅಲ್ಲ, ಇದರಿಂದ ಮಕ್ಕಳಿಗೆ ತೊಂದರೆಯೇ ಹೊರತು ಲಾಭವಿಲ್ಲ, ಮಗನನ್ನೂ ಸೊಸೆಯನ್ನೂ ಇಬ್ಬರನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಎಂದು ನಾನು ಹೇಳಿದೆ. ಮುದುಕಿ ನನ್ನ ಮಾತು ಮುಗಿಯುವವರೆಗೂ ಕಾದು, ಅತ್ತೆಯ ಕಡೆ ತಿರುಗಿ ಮೆಲ್ಲಗೆ ಕೇಳಿದರು: “ಈಯಮ್ಮ ಇಲ್ದಾಗ ಬರ್ಲಾ?” ಅತ್ತೆ ಅವರನ್ನು ಒಳಗೆ ಕರೆದು ಊಟ ಹಾಕಿ, ಏನೇನೋ ಸಮಾಧಾನ ಹೇಳಿ ಬಸ್ಸು ಹತ್ತಿಸಿ ಬಂದರು.

ಮಾವನ ಕಾಯಿಲೆ ಅಂಥದ್ದೇನೂ ಆಗಲಿಲ್ಲ. ಒಂದು ಸಲ ಜ್ವರ ಏರಿತು. ಗುಳಿಗೆಗೋ ಕಾಯಿಲೆಗೋ ಹೊಟ್ಟೆ ತೊಳಸಿದ ಹಾಗಾಗುತ್ತಿತ್ತು. ಆದರೆ ಅವರ ಚಿಂತೆ ಅದಾಗಿರಲಿಲ್ಲ. ಬೆಳಿಗ್ಗೆ ನಾನು ಕಿಟಕಿಯ ಹತ್ತಿರ ಹೋದಾಗ ರದ್ದಿ ಹಾಳೆಯ ಬೆನ್ನಿಗೆ ಕ ಕಾ ಕಿ ಕೀ ಬರೆಯುತ್ತ ಕೂತಿದ್ದರು. ಇಡೀ ಕಾಗುಣಿತ, ಆಮೇಲೆ ಒತ್ತಕ್ಷರ. ಬರೆದು ಮುಗಿಸಿ ಹಾಳೆಯನ್ನು ಸರಳಿಗೆ ಆನಿಸಿ ಹಿಡಿದರು.

“ಎಲ್ಲಾದ್ರೂ ತಪ್ಪೈತಾ ನೋಡಮ್ಮ.”

ದನಿಯಲ್ಲಿ ತಮಾಷೆ ಇರಲಿಲ್ಲ. ನಾನು ದೂರದಿಂದಲೇ ಸಾಲುಸಾಲಾಗಿ ನೋಡಿದೆ. ತಪ್ಪಿರಲಿಲ್ಲ. ಮಾರನೆಯ ದಿನವೂ ಬರೆದರು. ಆವತ್ತು ಒಂದು ಕಡೆ ‘ಷ್ಟ’ದ ಒತ್ತು ಕಾಣಲಿಲ್ಲ. ಅವರೇ ಅದನ್ನು ಕಂಡುಹಿಡಿದು ಪೆನ್ನು ಕೆಳಗಿಟ್ಟರು. ಗಂಜಿ ಹಾಗೆಯೇ ಆರಿತು. ಕೊನೆಗೆ ನಾನು ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿಯಲು ಹೇಳಿದೆ. ಪೆನ್ನು ಕಾಗದದ ಮೇಲೆ ಒತ್ತಿದ ಗೆರೆ ಇತ್ತು, ಇಂಕು ಮಾತ್ರ ಬಂದಿರಲಿಲ್ಲ. ರೀಫಿಲ್ ಮುಗಿದಿತ್ತು. ಆಗ ಅವರು ಗಂಜಿ ಬಿಸಿ ಮಾಡಿಸಿ ಕುಡಿದರು.

ಜನ ಹೆದರಿದ್ದಕ್ಕೆ ನನಗೆ ನಗು ಬಂದಿತ್ತು. ಮಾವ ಒಳಗೊಳಗೇ ಇಷ್ಟು ಹೆದರಿದ್ದಾರೆ ಎಂದು ಗೊತ್ತಾದಾಗ ನಗು ಬರಲಿಲ್ಲ. ಔಷಧಿ ಕೊಡಿಸಿದ್ದು ನಾನು, ಹೆದರಿಕೆ ಕೊಟ್ಟಿದ್ದು ನನ್ನ ವಿವರಣೆ.

ಆ ಹೊತ್ತಿಗೆ ತಾಳ್ಯದವರ ಲಗ್ನಪತ್ರಿಕೆಯ ಪ್ರೂಫ್ ತಯಾರಾಗಿತ್ತು. ಕಂಪ್ಯೂಟರ್ ಹುಡುಗಿ ಮನೆಯಿಂದಲೇ ಜೋಡಿಸಿ ಕಳಿಸಿದ್ದಳು. ನಾನು ಓದಿ ಕಾಗುಣಿತ ಸರಿಮಾಡಿದೆ. ತಾಳ್ಯದವರು ಬಂದು, ಮೇಡಮ್ಮೋರೇ ನೋಡಿದ್ದಾ, ಯಜಮಾನ್ರು ಮುಟ್ಟಿಲ್ವಾ ಎಂದು ಖಾತ್ರಿ ಮಾಡಿಕೊಂಡು ಸಂತೋಷಪಟ್ಟರು. ಅಷ್ಟರಲ್ಲಿ ಕಿಟಕಿಯಿಂದ ಮಾವನ ದನಿ ಬಂತು. ಮುಟ್ಟುವುದಿಲ್ಲ, ದೂರದಿಂದ ನೋಡುತ್ತೇನೆ, ಹಿಡಿ ಎಂದರು. ಇಷ್ಟು ದಿನ ಪ್ರೂಫ್ ನೋಡದೆ ಅವರಿಗೆ ಕೈಕಾಲು ಕಟ್ಟಿಹಾಕಿದಂತಾಗಿತ್ತು. ನಾನು ಹಾಳೆಯನ್ನು ಈ ಕಡೆಯಿಂದ ಹಿಡಿದೆ. ಅವರು ಆ ಕಡೆಯಿಂದ ಭೂತಗನ್ನಡಿ ಹಿಡಿದರು.

“ವಾರ ತಪ್ಪೈತೆ,” ಎಂದರು.

ಕಾರ್ಡಿನಲ್ಲಿ ಬುಧವಾರ ಎಂದಿತ್ತು. ಆ ತಾರೀಖಿಗೆ ಬೀಳುವುದು ಗುರುವಾರ. ಬರಹದಲ್ಲೇ ಹಾಗಿತ್ತು. ತಾರೀಖಿಗೂ ವಾರಕ್ಕೂ ತಾಳೆ ನೋಡಬೇಕೆಂದು ನನಗೆ ಹೊಳೆದಿರಲಿಲ್ಲ.

ತಾಳ್ಯದವರು ಸಿಟ್ಟಾಗಲಿಲ್ಲ. ಮಾವನ ಕಡೆ ಕನಿಕರದಿಂದ ನೋಡಿ, ನನ್ನ ಕಡೆ ತಿರುಗಿ, “ಶುರುವಾತು ನೋಡ್ರಿ ಮೇಡಮ್ಮೋರೇ,” ಎಂದರು.

ನಾನು ಗೋಡೆಯ ಕ್ಯಾಲೆಂಡರ್ ತೋರಿಸಿದೆ. ಅವರು ಹತ್ತಿರ ಹೋಗಿ ನೋಡಿದರು. ಗುರುವಾರವೇ ಇತ್ತು. ಕೆಳಗಿನ ಅಂಚಿನಲ್ಲಿ ಪ್ರೆಸ್ಸಿನ ಹೆಸರೂ ಇತ್ತು.

“ಇದ್ನ ಅಚ್ಚಾಕಿದ್ದು ಯಾರು?”

“ನಾನೇ,” ಎಂದರು ಮಾವ.

“ನೀವೇ ಅಚ್ಚಾಕಿ ನೀವೇ ಸಾಕ್ಷಿ ಕೊಟ್ರೆ ಹೆಂಗೆ ಯಜಮಾನ್ರೆ?”

“ಅದ್ನ ಅಚ್ಚಾಕ್ದಾಗ ಈ ಗುಳಿಗೆ ಊರಿಗೇ ಬಂದಿರ್ಲಿಲ್ಲ ಕಣಪ್ಪ.”

“ಬಂದಿರ್ಲಿಲ್ಲ ಅಂತ ನೀವು ಹೇಳ್ತೀರಿ.”

ನನ್ನ ಫೋನ್ ತೋರಿಸಿದೆ. ಫೋನು ನಿಮ್ಮ ಮನೆಯವರದೇ ಅಲ್ಲವೇ ಎಂದರು. ಅವರದೇ ಫೋನು ತೆಗೆಯಲು ಹೇಳಿದೆ. ತೆಗೆದರು. ಅದರಲ್ಲೂ ಗುರುವಾರ. ಅವರು ಅದನ್ನು ಒಂದು ಸಲ ಕೊಡವಿ, ಇದು ತೊಟ್ಟಿಯ ನೀರಿಗೆ ಬಿದ್ದಿತ್ತು, ಆಗಿನಿಂದ ಇದರ ಬುದ್ಧಿಯೂ ನೆಟ್ಟಗಿಲ್ಲ ಎಂದು ಜೇಬಿಗೆ ಹಾಕಿಕೊಂಡರು.

ಉಳಿದಿದ್ದವರು ಮುಹೂರ್ತ ಇಟ್ಟುಕೊಟ್ಟ ಹೊಸದುರ್ಗದ ಪುರೋಹಿತರು. ತಾಳ್ಯದವರೇ ಜೇಬಿನಿಂದ ಮತ್ತೆ ಫೋನ್ ತೆಗೆದು ಅವರಿಗೆ ಹಚ್ಚಿದರು. ನಮಗೂ ಕೇಳಲಿ ಎಂದು ಸ್ಪೀಕರ್ ಹಾಕಿದರು.

“ಗುರುವಾರ ಅಂತಲೇ ಹೇಳಿದ್ದು ಕಣಪ್ಪ. ಬುಧವಾರ ಯಾರು ಬರೆದರು?” ಎಂದರು ಪುರೋಹಿತರು. ಎಂದು, ಕೆಮ್ಮಿದರು.

“ಸ್ವಾಮಿ, ಮೈಗೆ ಹುಷಾರಿಲ್ವಾ?”

“ನೆಗಡಿ ಕಣಯ್ಯ. ಗುಳಿಗೆ ತಗೊಂಡಿದೀನಿ, ಕಮ್ಮಿ ಆಗ್ತಾ ಇದೆ.”

ತಾಳ್ಯದವರು ಫೋನ್ ಕಟ್ ಮಾಡಿದರು. ಇನ್ನು ಈ ಜಿಲ್ಲೆಯಲ್ಲಿ ಯಾರನ್ನು ಕೇಳುವುದು ಎನ್ನುವಂತೆ ಬೆಂಚಿನ ಮೇಲೆ ಕುಸಿದು ಕೂತರು. ಮಗಳ ಮದುವೆ, ಪಾಪ, ಅವರಿಗೂ ನಿಜವಾದ ಆತಂಕವೇ. ಆದರೆ ಮಾವ ಬುಧವಾರ ಎಂದು ಅಚ್ಚು ಹಾಕಲು ತಯಾರಿರಲಿಲ್ಲ. ಗುಳಿಗೆ ನುಂಗಿದವರು ತಿದ್ದಿದ್ದನ್ನು ಒಪ್ಪಲು ತಾಳ್ಯದವರು ತಯಾರಿರಲಿಲ್ಲ. ಕೊನೆಗೆ ಅತ್ತೆ ಟೀ ತಂದು, ವಾರವನ್ನೇ ಬಿಟ್ಟುಬಿಡಿ, ತಾರೀಖು ಇದ್ದರೆ ಸಾಲದೇ ಎಂದರು. ವಾರವಿಲ್ಲದ ಲಗ್ನಪತ್ರಿಕೆ ಈ ಪ್ರೆಸ್ಸಿನಿಂದ ಹೊರಗೆ ಹೋಗಿದ್ದೇ ಇಲ್ಲ ಎಂದು ಮಾವ ಗೊಣಗಿದರು. ಆದರೆ ತಪ್ಪು ವಾರಕ್ಕಿಂತ ವಾರವಿಲ್ಲದಿರುವುದು ವಾಸಿ ಎಂದು ಒಪ್ಪಿದರು. ಕಾರ್ಡು ಹಾಗೆಯೇ ಅಚ್ಚಾಯಿತು.

ಆಮೇಲೆ ಆದದ್ದು ನಮ್ಮ ಕೈಯಲ್ಲಿರಲಿಲ್ಲ. ತಾಳ್ಯದವರ ಬೀಗರ ಕಡೆಯವರು ಹಿರಿಯೂರಿನ ಹತ್ತಿರದ ಬಬ್ಬೂರಿನವರು. ಅಲ್ಲಿನ ನೆಂಟರು ದಿನ ನೆನಪಿಟ್ಟುಕೊಳ್ಳುವುದು ಸಂತೆಯ ಲೆಕ್ಕದಲ್ಲಿ, ವಾರವಿಲ್ಲದಿದ್ದರೆ ಅವರಿಗೆ ತಿಳಿಯುವುದಿಲ್ಲ ಎಂದು ತಾಳ್ಯದವರಿಗೆ ಚಿಂತೆ ಹತ್ತಿತು. ಮನೆಮಂದಿಯನ್ನೆಲ್ಲ ಕೂರಿಸಿ, ಪ್ರತಿ ಕಾರ್ಡಿನ ಮೇಲೂ ನೀಲಿ ಪೆನ್ನಿನಲ್ಲಿ ಬುಧವಾರ ಎಂದು ಬರೆಸಿದರು. ಹೀಗೆ ಅಚ್ಚಾದ ತಾರೀಖು ಒಂದು ದಿನ, ಕೈಬರಹದ ವಾರ ಇನ್ನೊಂದು ದಿನ ಇರುವ ಕಾರ್ಡುಗಳು ಊರೂರಿಗೆ ಹೋದವು. ಪ್ರೆಸ್ಸಿನವರು ಗುಳಿಗೆ ನುಂಗಿದ ಮೇಲೆ ಅವರ ಮಷಿನ್ನಿನಲ್ಲಿ ವಾರ ಅಚ್ಚಾಗುತ್ತಿಲ್ಲವಂತೆ, ಪಾಪ ಕೈಯಲ್ಲೇ ಬರೆದಿದ್ದಾರೆ ಎಂದು ಕಾರ್ಡು ನೋಡಿದವರೆಲ್ಲ ಮಾತಾಡಿಕೊಂಡರು.

ಮಾವ ಅಷ್ಟು ಹೊತ್ತಿಗೆ ಪೂರ್ತಿ ಗುಣವಾಗಿದ್ದರು. ಗುಳಿಗೆಯಿಂದ ಗುಣವಾಯಿತೋ, ವ್ಯಾಕ್ಸಿನ್ ಕಾಪಾಡಿತೋ, ತಾನಾಗಿಯೇ ಹೋಗುವ ಕಾಯಿಲೆ ತಾನಾಗಿಯೇ ಹೋಯಿತೋ, ನನಗೆ ಹೇಳಲು ಬರುವುದಿಲ್ಲ. ಒಬ್ಬ ಮನುಷ್ಯನನ್ನು ನೋಡಿ ಅದನ್ನು ಹೇಳಲಾಗುವುದಿಲ್ಲ ಎಂದು ಡಾಕ್ಟರೂ ಅಂದರು. ನೂರಾರು ಸಾವಿರಾರು ಜನರಿಗೆ ಕೊಟ್ಟು, ಅಷ್ಟೇ ಜನರಿಗೆ ಕೊಡದೆ ಹೋಲಿಸಿ ನೋಡಿದರೆ ಮಾತ್ರ ಗೊತ್ತಾಗುವ ವಿಷಯ. ಇದನ್ನು ಊರಿನವರಿಗೆ ಹೇಳಿದಾಗ, ಹಾಗಾದರೆ ಕೊಟ್ಟ ಡಾಕ್ಟರಿಗೂ ಗೊತ್ತಿಲ್ಲ ಎಂದಾಯಿತಲ್ಲ ಎಂದರು.

ಮದುವೆ ನಡೆದದ್ದು ಹೊಳಲ್ಕೆರೆಯದೇ ಒಂದು ಕಲ್ಯಾಣಮಂಟಪದಲ್ಲಿ, ಪುರೋಹಿತರು ಹೇಳಿದ್ದ ಗುರುವಾರ. ಮಂಟಪ ಗೊತ್ತು ಮಾಡಿದ್ದು ತಾರೀಖಿನ ಲೆಕ್ಕದಲ್ಲಿ, ಹುಡುಗನ ಮನೆಯವರಿಗೂ ಪುರೋಹಿತರೇ ಫೋನ್ ಮಾಡಿ ದಿನ ಖಚಿತಪಡಿಸಿದ್ದರಿಂದ ಅದೊಂದು ಉಳಿಯಿತು. ಆದರೆ ಬಬ್ಬೂರು ಕಡೆಯ ಎರಡು ವ್ಯಾನು ತುಂಬ ನೆಂಟರು ಬುಧವಾರವೇ ಬಂದಿಳಿದರು. ಅವತ್ತು ಅದೇ ಮಂಟಪದಲ್ಲಿ ಬೇರೆ ಯಾರದೋ ಮದುವೆ. ಮಾಸ್ಕಿನ ಕಾಲ ಇನ್ನೂ ಮುಗಿದಿರಲಿಲ್ಲ. ಬಾಗಿಲಲ್ಲಿ ಸ್ವಾಗತಿಸಿದವರ ಮುಖದಲ್ಲೂ ಮಾಸ್ಕು, ಬಂದವರ ಮುಖದಲ್ಲೂ ಮಾಸ್ಕು, ಹಸೆಮಣೆಯ ಮೇಲಿದ್ದವರ ಮುಖದಲ್ಲೂ ಮಾಸ್ಕು. ಬರ್ರಿ ಬರ್ರಿ, ಕುಂತ್ಕಳ್ರಿ ಎಂದರು. ಕೂತರು. ಮಾಂಗಲ್ಯಧಾರಣೆಯ ಹೊತ್ತಿಗೆ ಮನಃಪೂರ್ವಕ ಅಕ್ಷತೆ ಹಾಕಿದರು. ಹುಡುಗ ಸ್ವಲ್ಪ ಕುಳ್ಳಗಾಗಿದ್ದಾನೆ ಎಂದು ಒಂದಿಬ್ಬರಿಗೆ ಅನ್ನಿಸಿತಂತೆ, ಕೊರೊನಾ ಬಂದು ಹೋದ ಮೇಲೆ ಮೈ ಇಳಿದಿರಬಹುದು ಎಂದುಕೊಂಡರಂತೆ. ಎರಡನೇ ಪಂಕ್ತಿಯಲ್ಲಿ ಊಟ ಮುಗಿಸಿ, ಉಡುಗೊರೆ ಕೊಟ್ಟು, ಅಡುಗೆ ಬಹಳ ಚೆನ್ನಾಗಿತ್ತು ಎಂದು ಹೇಳಿ ವ್ಯಾನು ಹತ್ತಿದರು.

ಗುರುವಾರ ನಾನೂ ಮಾವನೂ ಅತ್ತೆಯೂ ಮದುವೆಗೆ ಹೋದೆವು. ತಾಳ್ಯದವರು ಮಾವನ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರಿತ್ತು, ಮಗಳ ಮದುವೆಯದೋ, ಬೇರೆಯದೋ ತಿಳಿಯಲಿಲ್ಲ.

“ಬಬ್ಬೂರಿನ ನೆಂಟ್ರು ನಿನ್ನೆ ಬಂದು ಯಾರ್ದೋ ಮದ್ವೇಲಿ ಅಕ್ಷತೆ ಹಾಕಿ ಉಡುಗೊರೆ ಕೊಟ್ಟು ಹೋಗ್ಯಾರೆ ಯಜಮಾನ್ರೆ.”

“ನಾನು ಹೇಳಿದ್ನಲ್ಲಪ್ಪ, ಗುರುವಾರ ಅಂತ.”

“ಹೇಳಿದ್ರಿ. ಆದ್ರೆ ಗುಳಿಗೆ ನುಂಗಿ ಹೇಳಿದ್ರಿ. ಅದೇ ಮಾತ್ನ ಗುಳಿಗೆ ನುಂಗ್ದೆ ಹೇಳಿದ್ರೆ ಕೇಳ್ತಿದ್ದೆ.”

ಮಾವ ಅವರ ಬೆನ್ನು ತಟ್ಟಿ, ಊಟಕ್ಕೆ ಹೋಗಾಣ ನಡಿ ಎಂದರು. ಬಾಳೆಯೆಲೆಯ ಮುಂದೆ ಕೂತಾಗ ಆಚೀಚೆಯವರು ಸ್ವಲ್ಪ ಸರಿದು ಕೂತದ್ದನ್ನು ನಾನು ನೋಡಿದೆ. ಮಾವನೂ ನೋಡಿದರು. ಆದರೆ ಹೋಳಿಗೆ ಬಂದಾಗ ಎರಡು ಹಾಕಿಸಿಕೊಂಡರು.

ಗಿರಾಕಿಗಳು ಒಬ್ಬೊಬ್ಬರಾಗಿ ವಾಪಸ್ ಬಂದರು. ಹೊಸದುರ್ಗದಲ್ಲಿ ಮಾ‌ಡಿಸಿದ ಗೃಹಪ್ರವೇಶದ ಕಾರ್ಡಿನಲ್ಲಿ ಮನೆಯ ಯಜಮಾನರ ಹೆಸರಿನ ಹಿಂದೆ ‘ದಿವಂಗತ’ ಎಂದು ಅಚ್ಚಾಗಿ ಬಂದದ್ದೂ ಅದಕ್ಕೆ ಒಂದು ಕಾರಣ. ಅಲ್ಲಿನವರು ಯಾವ ಗುಳಿಗೆ ನುಂಗಿದ್ದರೋ ಎಂದು ಜನ ಕೆಲವು ದಿನ ಚರ್ಚೆ ಮಾಡಿದರು.

ಹೋದ ವರ್ಷದ ಚಳಿಯಲ್ಲಿ ಅತ್ತೆಗೆ ಜ್ವರ ಬಂತು. ಈ ಸಲ ಕೊರೊನಾ ಅಲ್ಲ, ಫ್ಲೂ. ಅದೇ ಡಾಕ್ಟರು ಫ್ಲೂಗೆ ಕೊಡುವ ಕ್ಯಾಪ್ಸೂಲ್ ಬರೆದರು. ನಾನೇ ತೆಗೆದುಕೊಂಡು ಹೋದೆ. ಅತ್ತೆ ಹಾಸಿಗೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಮಾವ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡಿದ್ದರು. ನನ್ನ ಕೈಯಲ್ಲಿ ಔಷಧಿ ಕಂಡ ಕೂಡಲೇ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

“ಇದು ಹೆಂಗ್ ಕೆಲ್ಸ ಮಾಡ್ತೈತಮ್ಮ?”

ಈ ಗುಳಿಗೆಯ ರೀತಿ ಬೇರೆ. ಇದು ಅಚ್ಚಿಗೂ ಕೈ ಹಾಕುವುದಿಲ್ಲ, ಕತ್ತರಿಗೂ ಕೈ ಹಾಕುವುದಿಲ್ಲ. ಅಚ್ಚಾಗಿ ತಯಾರಾದ ಹೊಸ ವೈರಸ್ಸುಗಳು ಜೀವಕೋಶವನ್ನು ಬಿಟ್ಟು ಹೊರಡುವಾಗ ಅವನ್ನು ಬಾಗಿಲಿಗೇ ಅಂಟಿಸಿ ನಿಲ್ಲಿಸುತ್ತದೆ. ಕಟ್ಟು ಕಟ್ಟಿದ ಕಾರ್ಡುಗಳು ಬಸ್ಸಿಗೆ ಹೋಗದೆ ಪ್ರೆಸ್ಸಿನ ಹೊಸ್ತಿಲಲ್ಲೇ ಬಿದ್ದಿರುವ ಹಾಗೆ. ಹೇಳಲು ಎಲ್ಲ ನನ್ನ ನಾಲಿಗೆಯ ತುದಿಯಲ್ಲಿತ್ತು. ಪ್ರೆಸ್ಸಿನ ಕಡೆಯಿಂದ ಯಾರೋ ಗಿರಾಕಿ ಚಪ್ಪಲಿ ಬಿಟ್ಟು ಒಳಗೆ ಬಂದ ಸದ್ದಾಯಿತು.

ಅತ್ತೆ ನನ್ನ ಕೈಯಿಂದ ಕ್ಯಾಪ್ಸೂಲನ್ನು ಕಿತ್ತುಕೊಂಡು, ಬಾಯಿಗೆ ಹಾಕಿ, ನೀರು ಕುಡಿದು, ಲೋಟವನ್ನು ಮಾವನ ಕೈಗೆ ಕೊಟ್ಟರು.

“ನಂಗೆ ಯಾರೂ ಏನೂ ಹೇಳ್ಬ್ಯಾಡ್ರಿ,” ಎಂದು ಗೋಡೆಯ ಕಡೆ ತಿರುಗಿ ಮಲಗಿದರು.